ಎಚ್ಚರ ಇರುವಾಗಲೇ ಮೂಗಿನ ಪಕ್ಕ ಆಪರೇಷನ್: ಅಪ್ಪನ ಹೆದರಿಕೆ ಹೇಗೆ ಕಡಿಮೆ ಮಾಡುವುದು?

ನೀರ್ಚಾಲಿನ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳುವುದಿತ್ತು. ವಯಸ್ಸು ಅರುವತ್ತೆಂಟು. ಜೀವಮಾನ ಇಡೀ ತೋಟ, ಗದ್ದೆ, ಬಿಸಿಲು. ಮೂಗಿನ ಎಡಪಕ್ಕದಲ್ಲಿ, ಕಣ್ಣಿಗಿಂತ ಸ್ವಲ್ಪ ಕೆಳಗೆ, ಒಂದು ಸಣ್ಣ ಗುಳ್ಳೆ ಎದ್ದಿತ್ತು. ಅಂಚು ಹೊಳೆಯುತ್ತಿತ್ತು. ನಡುವೆ ಹಕ್ಕಳೆ ಕಟ್ಟುವುದು, ಮುಖ ತೊಳೆಯುವಾಗ ಉದುರುವುದು, ರಕ್ತ ಒಸರುವುದು, ಮತ್ತೆ ಹಕ್ಕಳೆ. ಕೊನೆಗೆ ಬಯಾಪ್ಸಿ, ಅಂದರೆ ಸಣ್ಣ ತುಂಡು ತೆಗೆದು ಪರೀಕ್ಷೆ, ಮಾಡಿಸಿದೆವು. ಬೇಸಲ್ ಸೆಲ್ ಕಾರ್ಸಿನೋಮಾ ಎಂದು ರಿಪೋರ್ಟ್ ಬಂತು. ಇದು ನಿಧಾನಕ್ಕೆ ಬೆಳೆಯುವ ಕ್ಯಾನ್ಸರ್, ಬೇರೆ ಕಡೆ ಹರಡುವುದು ತುಂಬಾ ಅಪರೂಪ, ಆದರೆ ಬಿಟ್ಟರೆ ಅಲ್ಲೇ ಆಳಕ್ಕೆ ತಿನ್ನುತ್ತಾ ಹೋಗುತ್ತದೆ, ತೆಗೆಸಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ.

ಮುಂದಿನ ವಾರ ಆಪರೇಷನ್. ಕೇರಳದ ಕಣ್ಣೂರು ಕಡೆಯ ಆಸ್ಪತ್ರೆ. ಆ ಜಾಗ ಮಾತ್ರ ಮರಗಟ್ಟಿಸಿ ಮಾಡುತ್ತಾರಂತೆ. ಅಪ್ಪನಿಗೆ ಪೂರ್ತಿ ಎಚ್ಚರ ಇರುತ್ತದೆ.

ಅಪ್ಪನಿಗೆ ಈಗ ಕ್ಯಾನ್ಸರಿಗಿಂತ ಆ ಸೂಜಿಯದೇ ಹೆದರಿಕೆ. ಹಿಂದೊಮ್ಮೆ ಹಲ್ಲು ಕೀಳಿಸುವಾಗ ಇಂಜೆಕ್ಷನ್ ಹಿಡಿಯಲೇ ಇಲ್ಲ, ಹಾಗೆಯೇ ಕಿತ್ತಿದ್ದರು. ಅದು ಮನಸ್ಸಲ್ಲಿ ಕೂತುಬಿಟ್ಟಿದೆ. ರಾತ್ರಿ ನಿದ್ದೆ ಇಲ್ಲ. "ಪೂರ್ತಿ ಬೋಧ ತಪ್ಪಿಸಿ ಮಾಡುವುದಾದರೆ ಬರುತ್ತೇನೆ, ಇಲ್ಲದಿದ್ದರೆ ಬೇಡ" ಅಂತ ಹಟ ಹಿಡಿದಿದ್ದಾರೆ. ಇನ್ನೊಂದು, ಅಪ್ಪನಿಗೆ ಮಲಯಾಳಂ ಅಷ್ಟಕ್ಕಷ್ಟೆ. ಕನ್ನಡ, ತುಳು ಬಿಟ್ಟರೆ ಬಾಯಿ ಓಡುವುದಿಲ್ಲ. ಒಳಗೆ ನೋವಾದರೆ ಯಾರ ಹತ್ತಿರ ಹೇಗೆ ಹೇಳುವುದು ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉಪ್ಪಳದವ

ಅಕ್ಕ, ನನಗೆ ಕಿವಿಯ ಮೇಲ್ಭಾಗದಲ್ಲಿ ಆಗಿತ್ತು. ಅದೂ ಇದೇ ಜಾತಿಯದ್ದು. ಎಚ್ಚರ ಇರುವಾಗಲೇ ತೆಗೆದರು. ನೋವು ಅಂತ ಆದದ್ದು ಮೊದಲ ಇಂಜೆಕ್ಷನ್ನಿಗೆ ಮಾತ್ರ. ಚುಚ್ಚಿದ್ದಕ್ಕಿಂತ ಮದ್ದು ಒಳಗೆ ಹೋಗುವಾಗ ಉರಿ ಜಾಸ್ತಿ. ಗಾಯಕ್ಕೆ ಮೆಣಸಿನ ಹುಡಿ ತಾಗಿದ ಹಾಗೆ. ಸ್ವಲ್ಪ ಹೊತ್ತಲ್ಲೇ ಆ ಕಿವಿ ನನ್ನದಲ್ಲ ಅನ್ನಿಸಿತು. ಆಮೇಲೆ ಎಳೆದದ್ದು, ಒತ್ತಿದ್ದು ಎಲ್ಲ ಗೊತ್ತಾಗುತ್ತಿತ್ತು, ನೋವಿಲ್ಲ. ಅಪ್ಪನಿಗೆ ಧೈರ್ಯ ಹೇಳಿ.

ಪೆರ್ಲದ ಮಾಸ್ತರ್

ಸುಮ್ನೆ ಧೈರ್ಯ ಹೇಳಿದರೆ ಹೆದರಿಕೆ ಹೋಗುವುದಿಲ್ಲ. ಅವರಿಗೆ ನಿಜವಾಗಿ ನೋವಾದ ಅನುಭವ ಇದೆ. ಹಲ್ಲಿನ ಇಂಜೆಕ್ಷನ್ ಯಾಕೆ ಹಿಡಿಯಲಿಲ್ಲ, ಇಲ್ಲಿ ಹಿಡಿಯುತ್ತದೆ ಎಂಬ ಭರವಸೆ ಏನು, ಇದನ್ನು ಗೊತ್ತಿದ್ದವರು ಹೇಳಿದರೆ ಒಳ್ಳೆಯದು.

ಕುಂಬಳೆಯ ಓಟಿ ಸಿಸ್ಟರ್

ಮಾಸ್ಟ್ರು ಸರಿಯಾದದ್ದೇ ಕೇಳಿದರು. ನಾನು ತುಂಬಾ ವರ್ಷದಿಂದ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಕೆಲಸ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ, ಅಪ್ಪನಿಗೆ ಓದಿ ಹೇಳಿ.

ಮೊದಲು ಹಲ್ಲಿನ ವಿಷಯ. ಹಲ್ಲಿನ ಬುಡದಲ್ಲಿ ಕೀವು, ಊತ ಇದ್ದರೆ ಆ ಜಾಗದಲ್ಲಿ ಆಮ್ಲ ಜಾಸ್ತಿ ಇರುತ್ತದೆ. ಅಲ್ಲಿ ಮರಗಟ್ಟಿಸುವ ಮದ್ದು ನರದ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಎಷ್ಟೋ ಜನರಿಗೆ ಹಲ್ಲಿಗೆ ಕೊಟ್ಟದ್ದು ಅರ್ಧಂಬರ್ಧ ಹಿಡಿಯುತ್ತದೆ. ನಿಮ್ಮ ಅಪ್ಪನ ದೇಹಕ್ಕೆ ಆ ಮದ್ದೇ ಆಗುವುದಿಲ್ಲ ಅಂತ ಅದರ ಅರ್ಥ ಅಲ್ಲ. ಕೀವಿಲ್ಲದ ಮುಖದ ಚರ್ಮದಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ. ಆದರೂ ಹಲ್ಲಿನ ಕಥೆಯನ್ನು ಡಾಕ್ಟರಿಗೆ ಮೊದಲೇ ಹೇಳಿ. ಹೇಳಿದರೆ ಅವರು ಹಿಡಿದಿದೆಯೋ ಇಲ್ಲವೋ ಅಂತ ಮೊನೆಯಿಂದ ಮುಟ್ಟಿ ನೋಡಿಯೇ ಶುರು ಮಾಡುತ್ತಾರೆ.

ಕೊಡುವುದು ಹೆಚ್ಚಾಗಿ ಲಿಗ್ನೋಕೇನ್. ಝೈಲೋಕೇನ್ ಅಂದರೆ ಎಲ್ಲರಿಗೂ ಗೊತ್ತಲ್ವಾ, ಅದೇ. ಜೊತೆಗೆ ಅಡ್ರಿನಲಿನ್ ಸೇರಿಸುತ್ತಾರೆ, ರಕ್ತ ಕಮ್ಮಿ ಬರಲಿ, ಮದ್ದು ಜಾಸ್ತಿ ಹೊತ್ತು ನಿಲ್ಲಲಿ ಅಂತ. ಈ ಅಡ್ರಿನಲಿನ್‌ನಿಂದ ಕೆಲವರಿಗೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ಗೊತ್ತಿಲ್ಲದವರು ಹಾರ್ಟ್ ಅಟ್ಯಾಕ್ ಅಂದುಕೊಂಡು ಇನ್ನೂ ಹೆದರುತ್ತಾರೆ. ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ. ಹೃದಯದ ತೊಂದರೆ ಇದ್ದರೆ, ಬಿಪಿ, ಎದೆಬಡಿತಕ್ಕೆ ಕೊಡುವ ಪ್ರೊಪ್ರನಲಾಲ್ ತರಹದ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಇಂಜೆಕ್ಷನ್ನಿನ ಉರಿ ಕಮ್ಮಿ ಮಾಡಲು ದಾರಿಗಳಿವೆ, ಕೇಳಿದರೆ ಮಾಡುತ್ತಾರೆ. ಆ ಮದ್ದೇ ಸ್ವಲ್ಪ ಆಮ್ಲ, ಅದಕ್ಕೇ ಉರಿ. ಹತ್ತು ಭಾಗ ಲಿಗ್ನೋಕೇನಿಗೆ ಒಂದು ಭಾಗ ಸೋಡಾ ಬೈಕಾರ್ಬ್ ಬೆರೆಸಿದರೆ ಉರಿ ತುಂಬಾ ಇಳಿಯುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣಗಿನ ಮದ್ದಿಗಿಂತ ಮೈ ಬಿಸಿಗೆ ತಂದ ಮದ್ದು ವಾಸಿ. ಸಪೂರ ಸೂಜಿ ಇರಬೇಕು, ನಿಧಾನ ಕೊಡಬೇಕು, ಎರಡನೇ ಚುಚ್ಚನ್ನು ಆಗಲೇ ಮರಗಟ್ಟಿದ ಜಾಗದ ಮೂಲಕ ಹಾಕಬೇಕು. ಲಿಗ್ನೋಕೇನ್, ಪ್ರೈಲೋಕೇನ್ ಬೆರೆಸಿದ ಕ್ರೀಮ್ ಕೂಡ ಇದೆ. ಒಂದು ಗಂಟೆ ಮೊದಲು ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು. ಆದರೆ ಕಣ್ಣಿನ ಹತ್ತಿರ ಅಲ್ವಾ, ಕಣ್ಣಿಗೆ ಹೋಗಬಾರದು. ಅದನ್ನು ನೀವಾಗಿ ಹಚ್ಚಬೇಡಿ, ಡಾಕ್ಟರ್ ಹೇಳಿದರೆ ಮಾತ್ರ.

ಮೂಗು, ಕೆನ್ನೆಯ ಭಾಗಕ್ಕೆ ಕಣ್ಣಿನ ಕೆಳಗಿನ ಎಲುಬಿನ ಹತ್ತಿರ ಬರುವ ನರಕ್ಕೇ ಮದ್ದು ಕೊಡುವ ಕ್ರಮವೂ ಉಂಟು. ಒಂದೇ ಚುಚ್ಚಿಗೆ ದೊಡ್ಡ ಜಾಗ ಮರಗಟ್ಟುತ್ತದೆ. "ನರದ ಬ್ಲಾಕ್ ಆಗುತ್ತದಾ" ಅಂತ ಕೇಳಿ ನೋಡಿ.

ಇನ್ನು ಒಳಗೆ ಏನೇನು ಗೊತ್ತಾಗುತ್ತದೆ ಅಂತ. ನನ್ನ ಅನುಭವದಲ್ಲಿ ಜನ ಗಾಬರಿ ಆಗುವುದು ಯಾರೂ ಮೊದಲು ಹೇಳದ ಸಂಗತಿಗಳಿಂದ. ಮುಖಕ್ಕೆ ತಣ್ಣಗಿನ ಬೀಟಡಿನ್, ಅಂದರೆ ಚರ್ಮ ಶುದ್ಧ ಮಾಡುವ ಮದ್ದು, ಹಚ್ಚುತ್ತಾರೆ. ಅದು ಕಿವಿಯ ಕಡೆಗೆ ಹರಿದಾಗ ರಕ್ತ ಅಂತ ಅನ್ನಿಸುತ್ತದೆ. ಮುಖದ ಮೇಲೆ ಹಸಿರು ಬಟ್ಟೆ ಮುಚ್ಚುತ್ತಾರೆ, ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಬಾಯಿಯ ಹತ್ತಿರ ಬಟ್ಟೆ ಎತ್ತಿ ಕಟ್ಟಿ ಅಂದರೆ ಎತ್ತಿ ಕಟ್ಟುತ್ತೇವೆ, ಅದೇನೂ ಕಷ್ಟ ಅಲ್ಲ. ಕಣ್ಣು ಮುಚ್ಚಿದರೂ ದೀಪದ ಬೆಳಕು ಕಾಣುತ್ತದೆ. ರಕ್ತ ನಿಲ್ಲಿಸಲು ಕಾಟರಿ, ಅಂದರೆ ಕರೆಂಟಿನಿಂದ ಸುಡುವ ಕಡ್ಡಿ, ಮುಟ್ಟಿಸುವಾಗ ಬೀಪ್ ಅಂತ ಶಬ್ದ, ಕೂದಲು ಸುಟ್ಟ ವಾಸನೆ ಬರುತ್ತದೆ. ಅದು ಎಲ್ಲರಿಗೂ ಬರುತ್ತದೆ, ಹೆದರಬೇಕಾದ್ದಲ್ಲ. ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ಹೇಳಬೇಕು. ಒತ್ತಿದ್ದು, ಎಳೆದದ್ದು, ನೂಲು ಜಗ್ಗಿದ್ದು ಗೊತ್ತಾಗುತ್ತದೆ. ಚೂಪಾದ ನೋವು, ಉರಿ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಆ ಕ್ಷಣವೇ ಹೇಳಬೇಕು.

ಹೇಳುವುದು ಬಾಯಲ್ಲೇ. ಕೈ ಎತ್ತಬೇಡಿ, ತಲೆ ಅಲ್ಲಾಡಿಸಬೇಡಿ. ಕೈ ಎತ್ತಿದರೆ ಶುದ್ಧ ಮಾಡಿದ ಜಾಗಕ್ಕೆ ತಾಗುತ್ತದೆ, ತಲೆ ಅಲ್ಲಾಡಿದರೆ ಬ್ಲೇಡು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. "ನೋವು" ಅಂದರೆ ಮಲಯಾಳಂನವರಿಗೂ ಅರ್ಥ ಆಗುತ್ತದೆ, ಅವರಲ್ಲೂ ಅದೇ ಮಾತಿದೆ. ಅಷ್ಟು ಸಾಕು. ಭಾಷೆಯ ಚಿಂತೆ ಅಲ್ಲಿ ಬೇಡ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕಣ್ಣೂರು ಕಡೆಯ ಆಸ್ಪತ್ರೆಗಳಲ್ಲಿ ನಮ್ಮ ಊರಿನ ಹುಡುಗಿಯರು ಎಷ್ಟೋ ಜನ ನರ್ಸ್ ಆಗಿದ್ದಾರೆ, ಕೇಳಿದರೆ ಸಿಗುತ್ತಾರೆ.

ನೀರ್ಚಾಲಿನ ಮಗಳು

ಸಿಸ್ಟರ್, ನಿಮಗೆ ಹೇಗೆ ಉಪಕಾರ ಹೇಳಬೇಕೋ ಗೊತ್ತಿಲ್ಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿ ಓದಿದೆ. ಹಲ್ಲಿನ ಬುಡದಲ್ಲಿ ಕೀವಿತ್ತು, ಕೆನ್ನೆ ಬಾತಿತ್ತು ಅಂತ ಅವರೇ ನೆನಪು ಮಾಡಿ ಹೇಳಿದರು. ಆ ಭಾಗವನ್ನು ಇನ್ನೊಮ್ಮೆ ಓದಿಸಿದರು.

ಆದರೂ ಪೂರ್ತಿ ಬೋಧ ತಪ್ಪಿಸುವುದು ಯಾಕಾಗುವುದಿಲ್ಲ ಅಂತ ಕೇಳುತ್ತಿದ್ದಾರೆ. ಮತ್ತೆ, ನಡುವಲ್ಲಿ ನೋವಾದರೆ "ಇನ್ನು ಜಾಸ್ತಿ ಮದ್ದು ಕೊಡಲಿಕ್ಕಾಗುವುದಿಲ್ಲ" ಅಂದುಬಿಟ್ಟರೆ ಎಂಬ ಹೆದರಿಕೆ.

ಹೊಸಂಗಡಿ

ಅದು ಬರೀ ಹೆದರಿಕೆ ಅಲ್ಲ. ನಮ್ಮ ಮನೆಯವರಿಗೆ ಬೆನ್ನಲ್ಲಿ ಮಾಡಿದಾಗ ನೋವಾಗುತ್ತಿದೆ ಅಂತ ಹೇಳಿದರು. "ಈಗ ಮುಗಿಯಿತು, ಸ್ವಲ್ಪ ತಡೆದುಕೊಳ್ಳಿ" ಅಂತ ಕೊನೆಯ ಹೊಲಿಗೆಗಳನ್ನು ಹಾಗೆಯೇ ಹಾಕಿದರು. ಆಸ್ಪತ್ರೆ ಹೆಸರು ಬೇಡ. ಹೊರಗೆ ಬಂದಾಗ ಅಂಗಿ ಬೆವರಲ್ಲಿ ಒದ್ದೆ. ಈಗ ಬಿಪಿ ನೋಡಿಸಲಿಕ್ಕೂ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ ಅವರು.

ಮುಳ್ಳೇರಿಯದ ಫಾರ್ಮಸಿಸ್ಟ್

ಆ ಲೆಕ್ಕ ನಾನು ಹೇಳುತ್ತೇನೆ. ಅಡ್ರಿನಲಿನ್ ಸೇರಿಸಿದ ಲಿಗ್ನೋಕೇನ್ ಒಂದು ಕಿಲೋ ತೂಕಕ್ಕೆ 7 ಮಿಲಿಗ್ರಾಂ ತನಕ ಕೊಡಬಹುದು, ಸೇರಿಸದಿದ್ದರೆ ಸುಮಾರು 4.5. ಅರುವತ್ತು ಕಿಲೋ ತೂಗುವವರಿಗೆ 420 ಮಿಲಿಗ್ರಾಂ ಆಯಿತು. ಶೇಕಡಾ 2ರ ಮದ್ದಿನಲ್ಲಿ ಒಂದು ಮಿಲಿಗೆ 20 ಮಿಲಿಗ್ರಾಂ ಇರುತ್ತದೆ, ಅಂದರೆ 21 ಮಿಲಿ. ಮೂಗಿನ ಪಕ್ಕದ ಸಣ್ಣ ಗಾಯಕ್ಕೆ ಹಿಡಿಯುವುದು ಕೆಲವೇ ಮಿಲಿ. ಹಾಗಾಗಿ ನಡುವಲ್ಲಿ ಇನ್ನೊಂದು ಸ್ವಲ್ಪ ಕೊಡಲು ಬೇಕಾದಷ್ಟು ಜಾಗ ಇರುತ್ತದೆ. ವಯಸ್ಸು, ಲಿವರ್, ಹೃದಯ ನೋಡಿ ಡಾಕ್ಟರ್ ಇದನ್ನು ಇಳಿಸಬಹುದು, ಆದರೂ ಸಾಕಾಗುತ್ತದೆ. ಹೊಸಂಗಡಿಯವರ ಮನೆಯವರಿಗೆ ಆದದ್ದು ಕೇಳಿ ಬೇಜಾರಾಯಿತು. ಎರಡು ಹೊಲಿಗೆ ಬಾಕಿ ಇರುವಾಗಲೂ ಕೇಳಿ ಪಡೆಯಬಹುದು.

ಈ ಮದ್ದು ಹೊಸತೇನಲ್ಲ ಅಂತಲೂ ಅಪ್ಪನಿಗೆ ಹೇಳಿ. ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ ಇದನ್ನು 1943ರಲ್ಲಿ ತಯಾರಿಸಿದ್ದು. ಅಷ್ಟು ವರ್ಷದಿಂದ ಲೋಕ ಇಡೀ ಬಳಸುತ್ತಿದೆ.

ಕುಂಬಳೆಯ ಓಟಿ ಸಿಸ್ಟರ್

ಹೊಸಂಗಡಿಯವರೇ, ಹಾಗೆ ಮಾಡಬಾರದಿತ್ತು. ತಡೆದುಕೊಳ್ಳಿ ಅನ್ನುವ ಅಗತ್ಯವೇ ಇಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮಲಗುವ ಮೊದಲೇ ಡಾಕ್ಟರ ಮುಖ ನೋಡಿ "ನೋವಾದರೆ ಹೇಳುತ್ತೇನೆ, ನಿಲ್ಲಿಸಿ ಮದ್ದು ಕೊಡುತ್ತೀರಲ್ವಾ" ಅಂತ ಕೇಳಿ, ಅವರ ಬಾಯಿಂದ ಹೂಂ ಅನ್ನಿಸಿಕೊಳ್ಳಿ. ಹಾಗೆ ಮಾತಾದ ಮೇಲೆ ಯಾರೂ ಸುಮ್ಮನೆ ಮುಂದುವರಿಸುವುದಿಲ್ಲ. ನಿಮ್ಮ ಮನೆಯವರನ್ನು ಬಿಪಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಮೆಲ್ಲಗೆ ಕರೆದುಕೊಂಡು ಹೋಗಿ. ಬಿಡಬೇಡಿ.

ಪೂರ್ತಿ ಬೋಧ ತಪ್ಪಿಸುವ ವಿಷಯ. ಆಗುವುದಿಲ್ಲ ಅಂತಲ್ಲ. ಆದರೆ ಅದಕ್ಕೆ ಹೃದಯ, ಶ್ವಾಸಕೋಶ ಎಲ್ಲ ನೋಡಬೇಕು, ಹೊಟ್ಟೆ ಖಾಲಿ ಇರಬೇಕು, ಆಮೇಲೆ ವಾಂತಿ, ಮಂಪರು. ವಯಸ್ಸಾದವರಿಗೆ ಕೆಲವೊಮ್ಮೆ ತಲೆ ಗಲಿಬಿಲಿ ಆಗುತ್ತದೆ. ಸಣ್ಣ ಜಾಗಕ್ಕೆ ಅಷ್ಟು ಬೇಡ ಅಂತ ಡಾಕ್ಟರ್ ಹೇಳುವುದು ಅದಕ್ಕೆ. ನಡುವಿನ ದಾರಿ ಇದೆ. ಹೆದರಿಕೆ ಇಳಿಸುವ ಸಣ್ಣ ಮಾತ್ರೆ ಬಾಯಲ್ಲಿ ಕೊಡಬಹುದು, ಇಲ್ಲದಿದ್ದರೆ ಅನಸ್ತೇಶಿಯಾ ಡಾಕ್ಟರ್ ಪಕ್ಕದಲ್ಲಿದ್ದು ಮಿಡಜೋಲಾಮ್ ಅಂಥ ಮಂಪರಿನ ಮದ್ದನ್ನು ರಕ್ತನಾಳಕ್ಕೆ ಸ್ವಲ್ಪ ಕೊಡಬಹುದು. ಆಗ ಎಚ್ಚರ ಇದ್ದರೂ ಚಿಂತೆ ಇರುವುದಿಲ್ಲ. ಇದನ್ನು ಕೇಳಲು ನಾಚಿಕೆ ಬೇಡ. ಎಷ್ಟು ಮಾಡಿದರೂ ಅಲುಗಾಡದೆ ಮಲಗಲು ಆಗದವರಿಗೆ ಪೂರ್ತಿ ಅನಸ್ತೇಶಿಯಾವೇ ಸರಿ, ಅದೂ ತಪ್ಪಲ್ಲ.

ಪೆರ್ಲದ ಮಾಸ್ತರ್

ನನ್ನ ಹತ್ತಿರ ನಿದ್ದೆ ಮಾತ್ರೆ ಉಂಟು, ಆಲ್ಪ್ರಝೋಲಾಮ್. ಹಿಂದಿನ ರಾತ್ರಿ ಅರ್ಧ ಕೊಟ್ಟರೆ ಆಗದೇ? ನಿದ್ದೆ ಬಂದರೆ ಅರ್ಧ ಹೆದರಿಕೆ ಹೋಗುತ್ತದೆ.

ಮುಳ್ಳೇರಿಯದ ಫಾರ್ಮಸಿಸ್ಟ್

ಬೇಡ ಮಾಸ್ಟ್ರೇ. ಇನ್ನೊಬ್ಬರ ಮಾತ್ರೆ ಕೊಡುವುದೇ ಬೇಡ. ಮರುದಿನ ಅಲ್ಲಿ ಮಂಪರಿನ ಮದ್ದು ಕೊಟ್ಟರೆ ಎರಡೂ ಸೇರಿ ಉಸಿರಾಟ ಕುಗ್ಗಬಹುದು. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದರೆ ಅದು ಬೇರೆ. ಬೇಕಿದ್ದರೆ ಅವರ ಡಾಕ್ಟರೇ ಬರೆದು ಕೊಡಲಿ.

ಪೆರ್ಲದ ಮಾಸ್ತರ್

ಆಯಿತು, ಒಪ್ಪಿದೆ.

ಮಂಜೇಶ್ವರದ ಅಕ್ಕ

ನಮ್ಮ ಅಮ್ಮನದ್ದು ಬೇರೆ ತರಹ. ಸಣ್ಣವಳಿರುವಾಗ ಬಚ್ಚಲೊಲೆಯ ಬೆಂಕಿಗೆ ಕಾಲು ಸುಟ್ಟಿತ್ತಂತೆ. ಆ ಹಳೆಯ ಕಲೆಯ ಮೇಲೆ ವಯಸ್ಸಾದ ಮೇಲೆ ಹುಣ್ಣಾಯಿತು, ಮಾಯಲೇ ಇಲ್ಲ. ಸ್ಕ್ವಾಮಸ್ ಸೆಲ್ ಅಂತ ರಿಪೋರ್ಟ್, ಅದೂ ಚರ್ಮದ ಕ್ಯಾನ್ಸರಿನ ಒಂದು ಜಾತಿ. ಸುಟ್ಟ ಕಲೆಯಲ್ಲಿ ಎಷ್ಟೋ ವರ್ಷದ ಮೇಲೆ ಹೀಗೆ ಕ್ಯಾನ್ಸರ್ ಬರುವುದುಂಟು ಅಂತ ಆಗಲೇ ನಮಗೆ ಗೊತ್ತಾದದ್ದು. ಹುಣ್ಣು ಕೆತ್ತಿ ತೆಗೆದು ತೊಡೆಯ ಚರ್ಮ ತೆಗೆದು ಅಲ್ಲಿ ಕೂರಿಸಿದರು.

ನಾನು ಹೇಳಬೇಕೆಂದದ್ದು ಇದು: ಚರ್ಮ ಕೂರಿಸಿದ ಜಾಗ ಅಮ್ಮನಿಗೆ ಅಷ್ಟು ನೋಯಲಿಲ್ಲ. ಚರ್ಮ ತೆಗೆದ ತೊಡೆ ನೋಯಿತು. ತುಂಬಾ. ಸೀರೆ ತಾಗಿದರೂ ಕೂಗುತ್ತಿದ್ದರು. ಎಲ್ಲರ ಗಮನ ಕಾಲಿನ ಮೇಲೆ, ಹಾಗಾಗಿ ತೊಡೆ ನೋವು ಅಂದರೆ ಮೊದಲು ನಾವು ನಂಬಲೇ ಇಲ್ಲ. ಡಾಕ್ಟರ್ ಹೇಳಿದರು, ಮೇಲ್ಪದರ ಸಿಪ್ಪೆ ಎದ್ದ ಜಾಗದಲ್ಲಿ ನರದ ತುದಿಗಳು ತೆರೆದಿರುತ್ತವೆ, ನೋವು ಸಹಜ, ಅದಕ್ಕೂ ಮದ್ದು ಬೇಕು ಅಂತ. ಯಾರಿಗಾದರೂ ಚರ್ಮ ಕೂರಿಸುತ್ತೇವೆ ಅಂದರೆ, ಎಲ್ಲಿಂದ ತೆಗೆಯುತ್ತಾರೆ, ಆ ಜಾಗದ ನೋವಿಗೆ ಏನು ಕೊಡುತ್ತಾರೆ ಅಂತ ಮೊದಲೇ ಕೇಳಿ.

ಇನ್ನೊಂದು. ಅಮ್ಮನಿಗೆ ನಡೆಯಲಾಗುತ್ತಿರಲಿಲ್ಲ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಡ್ರೆಸ್ಸಿಂಗ್ ನೋಡುತ್ತಿದ್ದರು. ಕೇರಳದಲ್ಲಿ 2008ರಿಂದ ಇದಕ್ಕೆ ಸರ್ಕಾರದ ನೀತಿಯೇ ಇದೆ. ನಮ್ಮ ಕಡೆಯವರು ಪಾಲಿಯೇಟಿವ್ ಅಂದರೆ ಕೊನೆಯ ಗಳಿಗೆ ಅಂದುಕೊಂಡು ಕೇಳುವುದೇ ಇಲ್ಲ. ಹಾಗಲ್ಲ. ಮಲಗಿದಲ್ಲೇ ಇರುವವರಿಗೆ, ನೋವಿಂದ ಕಷ್ಟ ಪಡುವವರಿಗೆ ಅದು ಬೇಕಾದ್ದು. ವಾರ್ಡ್ ಮೆಂಬರ್ ಅಥವಾ ಆಶಾ ಕಾರ್ಯಕರ್ತೆ ಹತ್ತಿರ ಹೇಳಿದರೆ ಸಾಕು.

ಉಪ್ಪಳದವ

ನನ್ನ ತಂಗಿ ಆಸ್ಟ್ರೇಲಿಯಾದಲ್ಲಿ ಇದ್ದಾಳೆ. ಅಲ್ಲಿ ಚರ್ಮದ ಕ್ಯಾನ್ಸರ್ ತುಂಬಾ ಜಾಸ್ತಿ. ಮೋಸ್ ಅಂತ ಒಂದು ಕ್ರಮ ಇದೆಯಂತೆ. ಒಂದು ಪದರ ತೆಗೆದು ಅಲ್ಲೇ ಮೈಕ್ರೋಸ್ಕೋಪಲ್ಲಿ ನೋಡುವುದು, ಅಂಚಲ್ಲಿ ಕ್ಯಾನ್ಸರ್ ಉಳಿದಿದ್ದರೆ ಇನ್ನೊಂದು ಪದರ. ಇದು ಒಳ್ಳೆಯದಾ ಸಿಸ್ಟರ್?

ಕುಂಬಳೆಯ ಓಟಿ ಸಿಸ್ಟರ್

ಒಳ್ಳೆಯದೇ. ಅಮೆರಿಕದ ಫ್ರೆಡೆರಿಕ್ ಮೋಸ್ 1930ರ ದಶಕದಲ್ಲಿ ಶುರು ಮಾಡಿದ್ದು. ಮೂಗು, ಕಣ್ಣಿನ ರೆಪ್ಪೆ ಅಂಥ ಕಡೆ ಒಳ್ಳೆಯ ಚರ್ಮ ಉಳಿಯುತ್ತದೆ. ನಮ್ಮಲ್ಲಿ ಕೆಲವೇ ಕಡೆ ಇದೆ. ಬೇರೆ ಆಸ್ಪತ್ರೆಗಳಲ್ಲಿ ಫ್ರೋಜನ್ ಸೆಕ್ಷನ್ ಅಂತ ಅಂಚನ್ನು ಆಗಲೇ ನೋಡುವ ಏರ್ಪಾಡು ಇರುತ್ತದೆ. ಎರಡರಲ್ಲೂ ನಡುವೆ ಕಾಯುವುದಿದೆ. ಕಾಯುವಾಗ ಮದ್ದಿನ ಶಕ್ತಿ ಇಳಿಯುತ್ತದೆ, ಮತ್ತೆ ಶುರು ಮಾಡುವ ಮೊದಲು ಪುನಃ ಮರಗಟ್ಟಿಸಬೇಕು. ಕಾಯುವ ಹೊತ್ತೇ ಮನಸ್ಸಿಗೆ ಕಷ್ಟ. ಜೊತೆಗೆ ಒಬ್ಬರು ಬೇಕು.

ನೀರ್ಚಾಲಿನ ಮಗಳು

ಊಟ, ಬಿಪಿ ಮಾತ್ರೆ ಹೇಗೆ ಸಿಸ್ಟರ್? ಅಪ್ಪ ಆಸ್ಪಿರಿನ್ ಕೂಡ ತಿನ್ನುತ್ತಾರೆ. ಮನೆಗೆ ಬಂದ ಮೇಲಿನ ನೋವಿಗೆ ಏನು ಕೊಡುವುದು?

ಕುಂಬಳೆಯ ಓಟಿ ಸಿಸ್ಟರ್

ಬರೀ ಮರಗಟ್ಟಿಸಿ ಮಾಡುವುದಾದರೆ ಬೆಳಿಗ್ಗೆ ಹೊಟ್ಟೆಗೆ ತಿಂದೇ ಹೋಗುವುದು ವಾಸಿ. ಖಾಲಿ ಹೊಟ್ಟೆ, ಹೆದರಿಕೆ ಎರಡೂ ಸೇರಿದರೆ ತಲೆ ತಿರುಗಿ ಬೀಳುವವರು ಜಾಸ್ತಿ. ಮಂಪರಿನ ಮದ್ದು ಕೊಡುತ್ತಾರೆ ಅಂತಾದರೆ ಮಾತ್ರ ಆರು ಗಂಟೆ ಮೊದಲಿಂದ ಊಟ ತಿಂಡಿ ಬೇಡ, ಎರಡು ಗಂಟೆ ಮೊದಲಿಂದ ನೀರೂ ಬೇಡ. ಯಾವುದು ಅಂತ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಬಿಪಿ ಮಾತ್ರೆ ಸಾಮಾನ್ಯವಾಗಿ ಬಿಡಬಾರದು. ಬಿಪಿ ಏರಿದರೆ ರಕ್ತ ಜಾಸ್ತಿ ಬರುತ್ತದೆ, ಆಪರೇಷನ್ನೇ ಮುಂದೆ ಹೋಗುತ್ತದೆ. ಆಸ್ಪಿರಿನ್ ವಿಷಯ ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಒಳಗೆ ಸಮಯ ಕಳೆಯಲು ಅಪ್ಪನಿಗೆ ಇಷ್ಟವಾದದ್ದು ಏನು? ಹಾಡು ಹಾಕಿದರೆ, ಯಾರಾದರೂ ಕೈ ಹಿಡಿದರೆ ಹೆದರಿಕೆ ಇಳಿಯುವುದು ನಾನು ದಿನಾ ನೋಡುತ್ತೇನೆ. ಮೊಬೈಲಲ್ಲಿ ಸಣ್ಣಗೆ ಹಾಕಲು ಕೇಳಿ. ಕಿವಿಗೆ ಇಯರ್‌ಫೋನ್ ಬೇಡ, ಡಾಕ್ಟರ್ ಹೇಳಿದ್ದು ಕೇಳಬೇಕಲ್ಲ. ಇಂಜೆಕ್ಷನ್ ಹೊತ್ತಿಗೆ ಉಸಿರು ಬಿಗಿ ಹಿಡಿಯಬಾರದು. ಮೂಗಿಂದ ಎಳೆದು ಬಾಯಿಂದ ನಿಧಾನಕ್ಕೆ, ಉದ್ದಕ್ಕೆ ಬಿಡಬೇಕು. ಮನೆಯಲ್ಲೇ ಮಲಗಿ ಅಭ್ಯಾಸ ಮಾಡಿಸಿ.

ಮುಳ್ಳೇರಿಯದ ಫಾರ್ಮಸಿಸ್ಟ್

ಮನೆಗೆ ಬಂದ ಮೇಲಿನದ್ದು. ಮರಗಟ್ಟಿದ್ದು ಬಿಡುವಾಗ, ಅಂದರೆ ಅದೇ ದಿನ ಸಂಜೆ, ನೋವು ಜಾಸ್ತಿ. ಅದು ಬಿಡುವ ಮೊದಲೇ ಪ್ಯಾರಾಸಿಟಮಾಲ್ ಒಂದು ತಗೊಳ್ಳಬೇಕು. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಆಮೇಲೆ ಮೊದಲ ಒಂದೆರಡು ದಿನ 650 ಮಿಲಿಗ್ರಾಂನದ್ದು ಆರು ಗಂಟೆಗೊಮ್ಮೆ. ದಿನಕ್ಕೆ ಒಟ್ಟು 4 ಗ್ರಾಂ ಮೀರಲೇಬಾರದು. ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಮ್ಮಿ. ಶೀತದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಜೊತೆಗೆ ಅದನ್ನು ಕೊಟ್ಟರೆ ಎರಡು ಪಟ್ಟಾಗುತ್ತದೆ. ಅಂಗಡಿಗೆ ಬಂದು "ಒಳ್ಳೆ ಪವರಿನ ನೋವಿನ ಮಾತ್ರೆ ಕೊಡಿ" ಅನ್ನುವವರು ತುಂಬಾ ಜನ. ಆಸ್ಪಿರಿನ್ ತಿನ್ನುವವರಿಗೆ, ಕಿಡ್ನಿ, ಹೊಟ್ಟೆ ಹುಣ್ಣು ಇದ್ದವರಿಗೆ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಕೇಳದೆ ಕೊಡಬಾರದು.

ಕುಂಬಳೆಯ ಓಟಿ ಸಿಸ್ಟರ್

ತಲೆಗೆ ಎರಡು ದಿಂಬು ಇಟ್ಟು ಮಲಗಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಗಾಯದ ಪಕ್ಕದಲ್ಲಿ ಹಿಡಿಯಿರಿ, ಗಾಯದ ಮೇಲೆ ಅಲ್ಲ. ಮರುದಿನ ಬೆಳಿಗ್ಗೆ ಕಣ್ಣಿನ ಸುತ್ತ ಬಾತು ನೀಲಿಗಟ್ಟಬಹುದು. ಹೆದರಬೇಡಿ, ಇಳಿಯುತ್ತದೆ. ರಕ್ತ ಒಸರಿದರೆ ಶುದ್ಧ ಬಟ್ಟೆ ಇಟ್ಟು ಇಪ್ಪತ್ತು ನಿಮಿಷ ಬಿಡದೆ ಒತ್ತಿ. ನಡುನಡುವೆ ತೆಗೆದು ನೋಡಿದರೆ ನಿಲ್ಲುವುದಿಲ್ಲ. ನೋವು ದಿನದಿಂದ ದಿನಕ್ಕೆ ಕಮ್ಮಿ ಆಗಬೇಕು. ಮೂರನೇ ದಿನದ ಮೇಲೆ ಏರಿದರೆ, ಕೀವು, ಜ್ವರ ಬಂದರೆ ತಡ ಮಾಡದೆ ತೋರಿಸಿ. ಅರಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ.

ನೀರ್ಚಾಲಿನ ಮಗಳು

ಎಲ್ಲರಿಗೂ: ಅಪ್ಪನ ಆಪರೇಷನ್ ಆಯಿತು. ಮನೆಗೆ ಬಂದೆವು.

ಹಲ್ಲಿನ ಕಥೆಯನ್ನು ನಾನು ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ, ಕೇಳಿಸಿಕೊಂಡರು. ಸೋಡಾ ಬೈಕಾರ್ಬ್ ಬಗ್ಗೆ ಕೇಳಿದ್ದಕ್ಕೆ ಬೆರೆಸುತ್ತೇವೆ ಅಂದರು. ನರದ ಬ್ಲಾಕ್ ಕೂಡ ಕೊಟ್ಟರು. ಮುಳ್ಳೇರಿಯಾ ಕಡೆಯ ಒಬ್ಬರು ಸಿಸ್ಟರ್ ಒಳಗಿದ್ದರು, ಅಪ್ಪನ ಹತ್ತಿರ ತುಳುವಲ್ಲಿ ಮಾತಾಡುತ್ತಾ ಇದ್ದರಂತೆ. ಅಪ್ಪ ಒಂದು ಹಳೆಯ ತಾಳಮದ್ದಳೆ ಹಾಕಿಸಿಕೊಂಡಿದ್ದಾರೆ. ನಡುವಲ್ಲಿ ಮೂಗಿನ ಬುಡದ ಹತ್ತಿರ ಚುರುಕ್ ಅಂದಿತಂತೆ. "ನೋವು" ಅಂದ ಕೂಡಲೇ ಕೈ ನಿಲ್ಲಿಸಿ ಇನ್ನೊಂದು ಸ್ವಲ್ಪ ಮದ್ದು ಕೊಟ್ಟರಂತೆ. ಆಮೇಲೆ ಏನೂ ಗೊತ್ತಾಗಲಿಲ್ಲ ಅನ್ನುತ್ತಾರೆ. ಸುಟ್ಟ ವಾಸನೆ ಬಂದಾಗ "ಇದು ಆ ಸಿಸ್ಟರ್ ಹೇಳಿದ್ದೇ" ಅಂತ ಅಂದುಕೊಂಡರಂತೆ.

ಸಂಜೆ ನೋವಿತ್ತು, ಪ್ಯಾರಾಸಿಟಮಾಲಲ್ಲಿ ನಿಂತಿತು. ಕಣ್ಣು ಬಾತಿದೆ. ಮುಖದ ಹೊಲಿಗೆ ಒಂದು ವಾರದ ಒಳಗೆ ತೆಗೆಯುತ್ತಾರಂತೆ. ಅಂಚಿನ ರಿಪೋರ್ಟ್ ಬರಬೇಕು, ಆ ಚಿಂತೆ ಇದೆ. ಆದರೆ ಇನ್ನೊಮ್ಮೆ ಮಾಡಬೇಕು ಅಂದರೂ ಬರುತ್ತೇನೆ ಅಂತ ಅಪ್ಪನೇ ಹೇಳಿದ್ದಾರೆ.

ಹೊಸಂಗಡಿ

ಕೇಳಿ ಸಂತೋಷ ಆಯಿತು. ನಮ್ಮ ಮನೆಯವರಿಗೆ ಇದನ್ನು ಓದಲು ಕೊಟ್ಟಿದ್ದೇನೆ.

ಕಾಟುಕುಕ್ಕೆ

ನಾನು ಹೊಸಬ. ನಮ್ಮ ದೊಡ್ಡಮ್ಮನ ಅಂಗಾಲಲ್ಲಿ ಕಪ್ಪು ಕಲೆ ದೊಡ್ಡದಾಗುತ್ತಾ ಇದೆ, ಅಂಚು ಒಂದೇ ಸಮ ಇಲ್ಲ. ಅಂಗಾಲಿಗೆ ಸೂಜಿ ಅಂದರೆ ಸಾಯುವಷ್ಟು ನೋವು ಅಂತ ಹೆದರಿ ಬಯಾಪ್ಸಿಗೇ ಬರುವುದಿಲ್ಲ.

ಕುಂಬಳೆಯ ಓಟಿ ಸಿಸ್ಟರ್

ಇದನ್ನು ಮುಂದೆ ಹಾಕಬೇಡಿ ಅಣ್ಣ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿನ ಜಾತಿ ನಮ್ಮಂಥವರಲ್ಲಿ ಅಂಗಾಲು, ಅಂಗೈ, ಉಗುರಿನ ಕೆಳಗೇ ಜಾಸ್ತಿ ಕಾಣಿಸುವುದು. ಅದು ಬೇಸಲ್ ಸೆಲ್ ಹಾಗೆ ನಿಧಾನದ್ದಲ್ಲ, ಹರಡುತ್ತದೆ. ಇದು ಅದೇ ಅಂತ ನಾನು ಹೇಳುತ್ತಿಲ್ಲ, ನೋಡದೆ ಯಾರೂ ಹೇಳಲಾರರು.

ಅಂಗಾಲಿಗೆ ನೇರ ಚುಚ್ಚಿದರೆ ನೋವು ಜಾಸ್ತಿ, ದೊಡ್ಡಮ್ಮ ಹೇಳುವುದು ನಿಜ. ಕ್ರೀಮ್ ಅಲ್ಲಿನ ದಪ್ಪ ಚರ್ಮದಲ್ಲಿ ಅಷ್ಟು ಇಳಿಯುವುದೂ ಇಲ್ಲ. ಆದರೆ ಕಾಲಿನ ಗಂಟಿನ ಒಳಭಾಗದಲ್ಲಿ, ಹಿಮ್ಮಡಿಗಿಂತ ಮೇಲೆ, ಅಂಗಾಲಿಗೆ ಹೋಗುವ ನರ ಇದೆ. ಅಲ್ಲಿ ಬ್ಲಾಕ್ ಕೊಟ್ಟರೆ ಅಂಗಾಲಿನ ಹೆಚ್ಚಿನ ಭಾಗ ಮರಗಟ್ಟುತ್ತದೆ. ಅಲ್ಲಿನ ಚರ್ಮ ತೆಳು, ಚುಚ್ಚು ಅಷ್ಟು ನೋಯುವುದಿಲ್ಲ. ಇದನ್ನು ದೊಡ್ಡಮ್ಮನಿಗೆ ಹೇಳಿ, ಡಾಕ್ಟರ ಹತ್ತಿರವೂ ಇದನ್ನೇ ಕೇಳಿ.

ಕಾಟುಕುಕ್ಕೆ

ಈಗಲೇ ಓದಿ ಹೇಳಿದೆ. ಅಂಗಾಲಿಗೆ ಚುಚ್ಚುವುದಿಲ್ಲ ಅಂತಾದರೆ ಬರುತ್ತೇನೆ ಅಂದರು. ಸೋಮವಾರ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ.

ಮಂಜೇಶ್ವರದ ಅಕ್ಕ

ಹೋಗಿ ಬಂದು ಇಲ್ಲಿ ತಿಳಿಸಿ. ಜೊತೆಗೆ ಮನೆಯಿಂದ ಹೆಂಗಸರು ಒಬ್ಬರು ಹೋಗಲಿ, ದೊಡ್ಡಮ್ಮನಿಗೆ ಹೇಳಿಕೊಳ್ಳಲು ಸುಲಭ ಆಗುತ್ತದೆ.